ಹೊಳಲ್ಕೆರೆಗೆ ಬಂದ ಚಳಿದೇಶದ ಪೆಟ್ಟಿಗೆ

ಮಾರುತೇಶನಿಗೆ ಮೊದಲು ಸಿಟ್ಟು ಬಂದದ್ದು ಪೆಟ್ಟಿಗೆಯ ಮೇಲಲ್ಲ, ಅದನ್ನು ಹಿಡಿದುಕೊಂಡು ಬಂದ ರೀತಿಯ ಮೇಲೆ. ಅಂಗೈಯಗಲದ ಆ ಬಿಳಿ ಡಬ್ಬಿಯನ್ನು ಲಕ್ಷ್ಮೀಕಾಂತ ಎರಡೂ ಕೈಯಲ್ಲಿ ಎತ್ತಿಕೊಂಡು, ಮೊದಲ ಸಲ ಮೊಮ್ಮಗುವನ್ನು ಎತ್ತಿಕೊಂಡ ಮುದುಕನ ಹಾಗೆ ಒಂದೊಂದೇ ಹೆಜ್ಜೆ ಇಡುತ್ತ ಬಾಯ್ಲರ್ ಕೋಣೆಗೆ ಬಂದ. ಹಿಂದೆ ಅವನ ಮಾವ ಶಿವಕುಮಾರಪ್ಪ. ಹೊಳಲ್ಕೆರೆಯ ಶಿವಮೊಗ್ಗ ರಸ್ತೆಯಲ್ಲಿರುವ ಆ ಕಲ್ಯಾಣಮಂಟಪದ ಯಜಮಾನ. ಅವನ ಮುಖದಲ್ಲಂತೂ ಅಳಿಯನೇ ಆ ಪೆಟ್ಟಿಗೆಯನ್ನು ಕಂಡುಹಿಡಿದಷ್ಟು ಹೆಮ್ಮೆ.

"ಸ್ಮಾರ್ಟ್ ಥರ್ಮೋಸ್ಟಾಟ್" ಎಂದ ಲಕ್ಷ್ಮೀಕಾಂತ. "ನೀರು ಎಷ್ಟು ಬಿಸಿ ಬೇಕು ಅಂತ ನಾನು ಚಿತ್ರದುರ್ಗದಾಗೆ ಕುಂತು ಫೋನಾಗೆ ಒತ್ತಿದ್ರೆ ಸಾಕು, ಇಲ್ಲಿ ಬಾಯ್ಲರ್ ಕೇಳ್ತೈತೆ."

"ಈ ಬಾಯ್ಲರ್ ಎದುರಿಗೆ ನಿಂತು ಒದ್ರೂ ಕೇಳಲ್ಲ" ಎಂದ ಮಾರುತೇಶ.

ಸುಳ್ಳಲ್ಲ. ಅದು ದಾವಣಗೆರೆ ಕಡೆ ಮುಚ್ಚಿಹೋದ ಹತ್ತಿ ಗಿರಣಿಯೊಂದರ ಹರಾಜಿನಲ್ಲಿ ಕೊಂಡ ಬಾಯ್ಲರು. ಮಾರುತೇಶನಿಗೆ ಮೀಸೆ ಮೂಡುವ ಮೊದಲೇ ಅದಕ್ಕೆ ತುಕ್ಕು ಮೂಡಿತ್ತು. ಹಿರಿಯೂರಿನಿಂದ ಲಾರಿಯಲ್ಲಿ ಬರುವ ತೆಂಗಿನಮಟ್ಟೆಯನ್ನು ಸಲಿಕೆಯಲ್ಲಿ ಎತ್ತಿ ಒಲೆಗೆ ಹಾಕಬೇಕು, ಕೆಳಗಿನಿಂದ ಬ್ಲೋಯರ್ ಗಾಳಿ ಊದಬೇಕು. ಗಾಳಿ ಬಂದರೆ ಬೆಂಕಿ ಏಳುತ್ತದೆ, ನಿಂತರೆ ಮಲಗುತ್ತದೆ. ಮದುವೆಯ ದಿನ ಬೆಳಗ್ಗೆ ನೂರೈವತ್ತು ಜನ ಬೀಗರು ಇದರ ನೀರಲ್ಲೇ ಮೀಯುತ್ತಾರೆ. ಇಪ್ಪತ್ತೆರಡು ವರ್ಷದಿಂದ ಇದನ್ನು ನೋಡಿಕೊಳ್ಳುತ್ತಿದ್ದವಳು ದುರುಗಕ್ಕ. ಗಿರಣಿಯಿಂದ ಬರುವಾಗಲೇ ಬಾಯ್ಲರಿನ ಮೀಟರಿನ ಗಾಜು ಒಡೆದಿತ್ತು. ದುರುಗಕ್ಕ ಪೈಪಿನ ಮೇಲೆ ಅಂಗೈ ಇಟ್ಟು ಮೂರು ಎಣಿಸುತ್ತಿದ್ದಳು. ಮೂರಕ್ಕೆ ಕೈ ತಾನಾಗಿ ಹಿಂದಕ್ಕೆ ಬಂದರೆ ನೀರು ಸರಿಯಾಗಿದೆ ಎಂದು ಲೆಕ್ಕ.

ಆದರೆ ಈಗ ದುರುಗಕ್ಕನ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಚಿತ್ರದುರ್ಗದ ಡಾಕ್ಟರು ಮುಂದಿನ ಸೋಮವಾರ ಆಪರೇಷನ್ನಿಗೆ ದಿನ ಕೊಟ್ಟಿದ್ದರು. ಆಮೇಲೆ ನಲವತ್ತು ದಿನ ಹೊಗೆಯ ಹತ್ತಿರ ಸುಳಿಯುವಂತಿಲ್ಲ. ಮಾಘ ಮಾಸ, ವಾರಕ್ಕೆ ಎರಡು ಮದುವೆ. ಅವಳ ಜಾಗದಲ್ಲಿ ನಾದಿನಿ ಮಲ್ಲಕ್ಕ ಬರಲು ಒಪ್ಪಿದ್ದಳು. ಆದರೆ ಮಲ್ಲಕ್ಕನಿಗೆ ಸಲಿಕೆ ಎತ್ತಲು ಬರುತ್ತದೆಯೇ ಹೊರತು ಬೆಂಕಿಯ ಹದ ಗೊತ್ತಿಲ್ಲ. ಒಂದು ಮದುವೆಯಲ್ಲಿ ನೀರು ಕೆಟ್ಟರೂ ಶಿವಕುಮಾರಪ್ಪ ಬೇರೆಯವರನ್ನು ಇಟ್ಟುಕೊಳ್ಳುತ್ತಾನೆ. ಆಮೇಲೆ ಕಣ್ಣು ಸರಿಹೋದರೂ ದುರುಗಕ್ಕನಿಗೆ ಕೆಲಸ ಇರುವುದಿಲ್ಲ.

ಅಳಿಯ, ಮಾವ ಆಚೆ ಹೋದ ಮೇಲೆ ಅವಳು ಮಾರುತೇಶನ ಹತ್ತಿರ ಬಂದು ತಗ್ಗಿದ ದನಿಯಲ್ಲಿ ಹೇಳಿದಳು:

"ಅದನ್ನ ಹೆಂಗಾರ ಮಾಡಿ ಕೂರ್ಸಪ್ಪ ಮಾರುತೇಶಪ್ಪ. ಹದ ಅದು ನೋಡ್ಕಂಡ್ರೆ ಮಟ್ಟೆ ಮಲ್ಲಕ್ಕ ಹಾಕ್ತಾಳೆ. ನಾನು ಕಣ್ಣು ಮಾಡಿಸ್ಕಂಡು ಬತ್ತೀನಿ."

"ಅಯ್ಯೋ, ನಿನ್ನ ಕೆಲ್ಸ ತೆಗೆಯಾಕೆ ತಂದಿರೋ ಪೆಟ್ಟಿಗೆ ಅಂತ ಊರೆಲ್ಲ ಅಂತೈತೆ, ನೀನೇ ಕೂರ್ಸು ಅಂತೀಯಲ್ಲ?"

"ಊರಿಗೆ ಕಣ್ಣು ಕಾಣ್ತೈತೆ. ಅದಕ್ಕೆ ಬಾಯಿಗೆ ಬಂದಿದ್ದು ಅಂತೈತೆ."

ಮಾರುತೇಶನ ವರ್ಕ್‌ಶಾಪು ಮಾರ್ಕೆಟ್ ಯಾರ್ಡಿನ ಗೇಟಿನೆದುರು. ಮೋಟರು, ಪಂಪು, ಬಾಯ್ಲರು, ಅಡಿಕೆ ಸುಲಿಯುವ ಯಂತ್ರ, ಯಾವುದು ಕೆಟ್ಟರೂ ಜನ ಅವನ ಹತ್ತಿರ ಬರುತ್ತಿದ್ದರು. ಬಂದವರು ಮೊದಲು ಬೈಸಿಕೊಳ್ಳಬೇಕಿತ್ತು, ರಿಪೇರಿ ಆಮೇಲೆ. ರಾಮಗಿರಿ ಶಾಲೆಯಲ್ಲಿ ಹತ್ತನೇ ಕ್ಲಾಸಿನವರೆಗೆ ಓದಿದವನು. ಕಾಗದ ಓದಿ ಕೆಲಸ ಮಾಡುವವರನ್ನು ಕಂಡರೆ ಅವನಿಗೆ ಆಗದು. ಲಕ್ಷ್ಮೀಕಾಂತ ಬಾಯ್ಲರ್ ಕೋಣೆಗೆ ವಾಪಸು ಬಂದಾಗ ಅವನು ಪೆಟ್ಟಿಗೆಯ ಜೊತೆ ಬಂದಿದ್ದ ಪುಸ್ತಕವನ್ನು ಬಿಡಿಸಿ ನೋಡಿದ. ಹದಿನೆಂಟು ಭಾಷೆಯಲ್ಲಿ ಬರೆದಿದ್ದರು, ಕನ್ನಡ ಇರಲಿಲ್ಲ.

"ಇದನ್ನ ಬರ್ದೋನು ಹೊಳಲ್ಕೆರೆಗೆ ಬಂದು ಒಂದು ನಟ್ಟು ಬಿಗ್ದವ್ನೇನ್ರಿ?" ಎಂದು ಪುಸ್ತಕವನ್ನು ಒಲೆಗೆ ಎಸೆದ. ಲಕ್ಷ್ಮೀಕಾಂತ ಹಾರಿಬಿದ್ದ. "ಹಾಕ್ಬೇಡ್ರಿ, ಅದ್ರಾಗೆ ಎಲ್ಲ ಐತೆ!" ಎನ್ನುವಷ್ಟರಲ್ಲಿ ಹದಿನೆಂಟು ಭಾಷೆಯೂ ಒಂದೇ ಬಣ್ಣದಲ್ಲಿ ಉರಿದುಹೋಯಿತು.

ಪೆಟ್ಟಿಗೆಗೆ ಕರೆಂಟು ಕೊಟ್ಟ ಮೇಲೆ ಅದರ ಯೋಗ್ಯತೆ ತಿಳಿಯಿತು. ಅದು ನೀರು ಕಾಯಿಸುವವರಿಗೆ ಮಾಡಿದ್ದೇ ಅಲ್ಲ. ಹಿಮ ಬೀಳುವ ಯಾವುದೋ ದೇಶದಲ್ಲಿ ಮನೆಯೊಳಗಿನ ಗಾಳಿಯನ್ನು ಬೆಚ್ಚಗೆ ಇಡಲು ಮಾಡಿದ್ದು. ಕೋಣೆ ಬೆಚ್ಚಗಾದರೆ ಬಾಯ್ಲರ್ ನಿಲ್ಲಿಸುತ್ತದೆ, ತಣ್ಣಗಾದರೆ ಹಚ್ಚುತ್ತದೆ. ಎಷ್ಟು ತಿರುಗಿಸಿದರೂ ಮೂವತ್ತೈದು ಡಿಗ್ರಿಯಿಂದ ಮೇಲಕ್ಕೆ ಹೋಗಲು ಒಪ್ಪಲಿಲ್ಲ.

ಮಾರುತೇಶ ನಗಲು ಶುರು ಮಾಡಿದವನು ಸುಮಾರು ಹೊತ್ತು ನಗುತ್ತಲೇ ಇದ್ದ.

"ಮೂವತ್ತೈದು! ನಮ್ಮಲ್ಲಿ ಏಪ್ರಿಲ್ ತಿಂಗಳಾಗೆ ದನದ ಕೊಟ್ಟಿಗೇನೂ ಮೂವತ್ತೆಂಟು ಇರ್ತೈತೆ. ಹೊಳಲ್ಕೆರೆ ಮನೆಗೆ ಬೆಂಕಿ ಹಾಕಿ ಬೆಚ್ಚಗೆ ಮಾಡ್ತೀರೇನ್ರಿ ಅಳಿಯಂದ್ರೆ? ಸ್ಮಾರ್ಟು ಅಂತೆ, ಸ್ಮಾರ್ಟು! ನಮ್ಮ ಕೋಳಿಗೆ ಇದಕ್ಕಿಂತ ಜಾಸ್ತಿ ಗೊತ್ತಾಗ್ತೈತೆ, ಚಳಿ ಆದ್ರೆ ಒಲೆ ಪಕ್ಕ ಕುಂತ್ಕಂತೈತೆ."

"ವಾಪಸ್ ಕೊಡಾಕೆ ಬರಲ್ಲ" ಎಂದ ಲಕ್ಷ್ಮೀಕಾಂತ ಸಣ್ಣ ಮುಖ ಮಾಡಿಕೊಂಡು.

ಬೇರೆ ದಿನವಾಗಿದ್ದರೆ ಮಾರುತೇಶ ಟೂಲ್‌ಬಾಕ್ಸ್ ಎತ್ತಿಕೊಂಡು ಹೊರಟುಬಿಡುತ್ತಿದ್ದ. ಆದರೆ ಬಾಗಿಲ ಹತ್ತಿರ ದುರುಗಕ್ಕ ನಿಂತಿದ್ದಳು, ಕಣ್ಣು ಕಿರಿದು ಮಾಡಿಕೊಂಡು, ಅವನು ಯಾಕೆ ನಗುತ್ತಿದ್ದಾನೆಂದು ತಿಳಿಯದೆ. ಅವನು ಮತ್ತೆ ಕುಳಿತ.

ಅವನು ಹೂಡಿದ ಉಪಾಯ ಇದು. ಪೆಟ್ಟಿಗೆಯಿಂದ ಹೊರಡುವ ಎರಡು ತಂತಿಯನ್ನು ಮೋಟರಿನ ಸ್ಟಾರ್ಟರಿನ ಮೂಲಕ ಬ್ಲೋಯರಿಗೆ ಕೊಟ್ಟ. ಪೆಟ್ಟಿಗೆ ಹೂಂ ಎಂದರೆ ಗಾಳಿ, ಊಹೂಂ ಎಂದರೆ ಗಾಳಿ ಬಂದ್. ಬೆಳಗಿನ ಜಾವ ಬಾಯ್ಲರ್ ಕೋಣೆ ಹದಿನೆಂಟು ಡಿಗ್ರಿ ಇರುತ್ತಿತ್ತು. ಒಲೆ ಹತ್ತಿ, ಕೋಣೆಯೇ ಕಾದು ಮೂವತ್ತೈದಕ್ಕೆ ಬರುವಷ್ಟರಲ್ಲಿ ನೀರು ದುರುಗಕ್ಕನ ಮೂರೆಣಿಕೆಗೆ ಸರಿಯಾಗಿ ಬರುತ್ತಿತ್ತು. ಮಂಗಳವಾರ ಮೂರು ಸಲ ಪರೀಕ್ಷೆ ಮಾಡಿದರು. ಮೂರು ಸಲವೂ ಅವಳ ಕೈ ಹಿಂದಕ್ಕೆ ಬಂದ ಹೊತ್ತಿಗೆ ಬ್ಲೋಯರ್ ತಾನಾಗಿ ನಿಂತಿತು.

ದುರುಗಕ್ಕ ಪೆಟ್ಟಿಗೆಯ ಹತ್ತಿರ ಮುಖ ಒಯ್ದು, ಅದರ ಹಸಿರು ಬೆಳಕನ್ನು ಕಂಡೂ ಕಾಣದ ಹಾಗೆ ನೋಡಿ, "ಜಾಣ ಐತೆ" ಎಂದಳು.

"ಅದಲ್ಲ ಜಾಣ, ನಾನು" ಎಂದ ಮಾರುತೇಶ. ಬಿಲ್ಲನ್ನೂ ಬರೆಯದೆ, ಬಂದ ಹುಮ್ಮಸ್ಸಿನಲ್ಲೇ ಹಿಂದಿರುಗಿದ.

ಗುರುವಾರ ಬೆಳಗ್ಗೆ ಆರೂವರೆಗೆ ಫೋನು ಬಂತು. ಶಿವಕುಮಾರಪ್ಪನ ದನಿ ಫೋನಿಲ್ಲದೆಯೂ ಕೇಳುವಷ್ಟಿತ್ತು.

"ಏನ್ರಿ ಮಾಡಿಟ್ಟಿದೀರಿ? ಹೊಸದುರ್ಗದ ಬೀಗರು ಟವಲ್ ಉಟ್ಕಂಡು ನಡುಗ್ತಾ ನಿಂತವ್ರೆ! ನೀರು ಬಾವಿ ನೀರಿದ್ದಂಗೈತೆ. ಹತ್ತೂವರೆಗೆ ಮುಹೂರ್ತ!"

ಮಾರುತೇಶ ಹೋದಾಗ ಬಚ್ಚಲುಗಳ ಮುಂದೆ ಸಾಲು ನಿಂತಿತ್ತು. ಗಂಡಿನ ಸೋದರಮಾವನೊಬ್ಬ ತಲೆಗೆ ಎಣ್ಣೆ ಹಚ್ಚಿಕೊಂಡವನು, ಎಣ್ಣೆ ಕಿವಿಗಿಳಿದು, "ಹೊಸದುರ್ಗದಾಗೆ ನಮ್ಮನೆ ಎಮ್ಮೆಗೂ ಬಿಸಿನೀರು ಕಾಯಿಸ್ತೀವಿ ಕಣ್ರಿ" ಎಂದು ಸಿಕ್ಕವರಿಗೆಲ್ಲ ಹೇಳುತ್ತಿದ್ದ. ಬಾಯ್ಲರ್ ಕೋಣೆಯ ಬಾಗಿಲಲ್ಲಿ ಶಿವಕುಮಾರಪ್ಪ, ಅವನ ಹೆಂಡತಿ ಸರ್ವಮಂಗಳ, ಅಡಿಗೆಯವರು ನಾಲ್ಕು ಜನ. ದುರುಗಕ್ಕ ಕಾಣಲಿಲ್ಲ.

"ಅವಳೇ ಕೆಡ್ಸಿದ್ದು" ಎಂದ ಶಿವಕುಮಾರಪ್ಪ. "ಪೆಟ್ಟಿಗೆ ಬಂದ್ರೆ ತನ್ನ ಕೆಲ್ಸ ಹೋಗ್ತೈತೆ ಅಂತ ಹೊಟ್ಟೆಕಿಚ್ಚು. ಏನೋ ಮಾಡ್ಯಾಳೆ. ಎಲ್ರ ಮುಂದೆ ಉಗಿದು ಕಳ್ಸಿದೆ. ಉಂಡ ಮನೆಗೆ ಎರಡು ಬಗೆಯೋಳು!"

"ಏನು ಮಾಡ್ಯಾಳೆ?"

"ನಂಗೇನು ಗೊತ್ತು? ಅದನ್ನ ನೀವು ಹೇಳ್ಬೇಕು. ಐದು ಗಂಟೆಗೆ ಬಂದು 'ಯಜಮಾನ್ರೆ, ಬ್ಲೋಯರ್ ಹೊಡೀತಿಲ್ಲ, ನೀರು ಕಾಯ್ತಿಲ್ಲ' ಅಂದ್ಲು. ನಾನು ಅಳಿಯನಿಗೆ ಫೋನ್ ಮಾಡ್ದೆ. ಅವನು ಚಿತ್ರದುರ್ಗದಾಗೆ ಫೋನ್ ನೋಡಿ, 'ಮಾವ, ನಲವತ್ತೊಂದು ಐತೆ, ಕುದೀತೈತೆ' ಅಂದ. ಮಶಿನ್ನು ಬಿಸಿ ಐತೆ ಅಂತೈತೆ, ಇವಳು ಇಲ್ಲ ಅಂತಾಳೆ. ಯಾರನ್ನ ನಂಬ್ಲಿ?"

"ಪೈಪ್ ಮುಟ್ಟಿ ನೋಡಿದ್ರಾ?"

ಹತ್ತು ಹೆಜ್ಜೆ ನಡೆದು ಪೈಪಿನ ಮೇಲೆ ಕೈ ಇಡುವುದು ಶಿವಕುಮಾರಪ್ಪನಿಗೆ ಹೊಳೆದೇ ಇರಲಿಲ್ಲ. ಕಣ್ಣು ಕಾಣದ ಹೆಂಗಸು ಕೈಯಿಟ್ಟು ತಣ್ಣಗಿದೆ ಎಂದರೆ ಸುಳ್ಳು, ಮೂವತ್ತು ಕಿಲೋಮೀಟರಾಚೆ ಹಾಸಿಗೆಯಲ್ಲಿ ಬಿದ್ದುಕೊಂಡು ಅಳಿಯ ಹೇಳಿದರೆ ಸತ್ಯ!

"ಸರಿ, ಬ್ಲೋಯರಿನ ಸ್ವಿಚ್ಚು ಕೈಲಿ ಹಾಕ್ಬಹುದಿತ್ತಲ್ಲ?"

"ಅದಕ್ಕೆ ಬೀಗ ಹಾಕ್ಸಿದೀನಿ. ಯಾರೂ ಮುಟ್ಬಾರ್ದು ಅಂತ."

ಮಾರುತೇಶ ಅವನನ್ನು ಪಕ್ಕಕ್ಕೆ ಸರಿಸಿ ಒಳಗೆ ಹೋದ. ಒಲೆಯಲ್ಲಿ ಮಟ್ಟೆ ಕಪ್ಪಗೆ ಬೆಂದು ಹೊಗೆಯಾಡುತ್ತಿತ್ತು, ಜ್ವಾಲೆ ಇಲ್ಲ. ಪೈಪು ತಣ್ಣಗೆ. ತಲೆ ಎತ್ತಿ ಗೋಡೆ ನೋಡಿದ.

ಪೆಟ್ಟಿಗೆಯ ಹಣೆಗೆ ಮೂರು ಬೆರಳು ವಿಭೂತಿ, ನಡುವೆ ಕುಂಕುಮ, ಮೇಲೊಂದು ಸೇವಂತಿಗೆ ಹಾರ. ಅದರ ಕೆಳಗೆ ಒಂದು ಗೇಣೂ ದೂರವಿಲ್ಲದ ಹಾಗೆ ಹೊಸ ಹಲಗೆ ಹೊಡೆದು, ಹಲಗೆಯ ಮೇಲೆ ಹಿತ್ತಾಳೆಯ ನಂದಾದೀಪ. ಎರಡು ದಪ್ಪ ಬತ್ತಿ. ದೀಪದ ಝಳ ನೇರವಾಗಿ ಪೆಟ್ಟಿಗೆಯ ಹೊಟ್ಟೆಗೆ ಹೊಡೆಯುತ್ತಿತ್ತು. ಪೆಟ್ಟಿಗೆ ನಲವತ್ತೊಂದು ಎಂದು ತೋರಿಸಿಕೊಂಡು, ಇನ್ನು ಯಾತಕ್ಕೆ ಬೆಂಕಿ ಎಂದು ಸುಖವಾಗಿ ಕುಳಿತಿತ್ತು.

"ಈ ಪೂಜೆ ಯಾರದು?"

"ನಾನೇ ಕಣಪ್ಪ" ಎಂದಳು ಸರ್ವಮಂಗಳ. "ನಿನ್ನೆ ಸಾಯಂಕಾಲ ಇವರೇ ಹೇಳಿದ್ರು. ಹೊಸ ಮಶಿನ್ನು, ಮೊದಲ್ನೇ ಮದುವೆ, ದೀಪ ಆರಬಾರ್ದು ಅಂತ ರಾತ್ರಿಯೆಲ್ಲ ಎಣ್ಣೆ ಹಾಕಿದೀನಿ."

ಮಾರುತೇಶನ ಬಾಯಿಗೆ ಬೈಗುಳ ಬಂತು. ಬಂದಷ್ಟೇ ಬೇಗ ಅದನ್ನು ನುಂಗಿಕೊಂಡ. ದೀಪ ಇಟ್ಟವರು ಮೂಢರು, ಅದು ಸರಿ. ಆದರೆ ದೀಪದ ಬಿಸಿಗೂ ನೀರಿನ ಬಿಸಿಗೂ ವ್ಯತ್ಯಾಸ ತಿಳಿಯದ ಹಾಗೆ ಪೆಟ್ಟಿಗೆಯನ್ನು ಗೋಡೆಗೆ ಹೊಡೆದವನು ಯಾರು? ನಾಳೆ ಬಿಸಿಲು ಬಿದ್ದರೂ, ಕಿಟಕಿ ತೆರೆದಿಟ್ಟರೂ ಇದೇ ಕಥೆ. ನೀರನ್ನೇ ಮುಟ್ಟಿ ನೋಡುವ ಏನೋ ಒಂದು ಇರಲೇಬೇಕಲ್ಲ.

"ಇದು ಬಂದಿದ್ದ ರಟ್ಟಿನ ಡಬ್ಬ ಎಲ್ಲೈತೆ?"

ಆಫೀಸಿನ ಬೀರುವಿನ ಮೇಲಿಂದ ಅಡಿಗೆಯವನೊಬ್ಬ ತಂದುಕೊಟ್ಟ. ಒಳಗಿನ ರಟ್ಟು ಎತ್ತಿದರೆ ಅಡಿಯಲ್ಲಿ, ಪ್ಲಾಸ್ಟಿಕ್ಕಿನಲ್ಲಿ ಸುತ್ತಿಟ್ಟ ತೆಳ್ಳನೆ ಬೂದು ತಂತಿ. ತುದಿಯಲ್ಲಿ ಬೀಡಿಯಷ್ಟು ಉದ್ದದ ಉಕ್ಕಿನ ಮೊಳೆ. ಮಂಗಳವಾರ ಅದನ್ನು ಕಂಡಿದ್ದ. ಫೋನಿನ ಚಾರ್ಜರ್ ವೈರು, ಬೇಡ ಎಂದು ಅಲ್ಲೇ ಬಿಟ್ಟಿದ್ದ. ನೀರಿನ ಬಿಸಿ ನೋಡುವ ಕಡ್ಡಿ ಅದು. ಪೆಟ್ಟಿಗೆಯ ಹೊಟ್ಟೆಯಲ್ಲಿ ಅದಕ್ಕೆಂದೇ ಒಂದು ತೂತೂ ಇತ್ತು. ಆ ಹದಿನೆಂಟು ಭಾಷೆಯ ಪುಸ್ತಕದಲ್ಲಿ ಚಿತ್ರ ಸಮೇತ ಬರೆದೂ ಇದ್ದಿರಬೇಕು.

ಶಿವಕುಮಾರಪ್ಪ ಬಗ್ಗಿ ನೋಡಿದ. "ಗೊತ್ತಾತಾ? ಏನು ಮಾಡ್ಯಾಳೆ ಅವಳು?"

ಹೂಂ, ಏನೋ ತಂತಿ ಕಿತ್ತಿದ್ದಾಳೆ ಎಂದರೆ ಅಲ್ಲಿಗೆ ಮುಗಿಯುತ್ತಿತ್ತು. ಯಾರೂ ಮರುಪ್ರಶ್ನೆ ಕೇಳುತ್ತಿರಲಿಲ್ಲ. ಮಾರ್ಕೆಟ್ ಯಾರ್ಡಿನೆದುರು ಮಾರುತೇಶನ ಹೆಸರು ಹಾಗೇ ಉಳಿಯುತ್ತಿತ್ತು. ಅಷ್ಟು ಸುಲಭದ ಸುಳ್ಳು ನಾಲಿಗೆ ತುದಿಗೆ ಬಂದದ್ದಕ್ಕೆ ಅವನಿಗೆ ತನ್ನ ಮೇಲೇ ಹೇಸಿಗೆಯಾಯಿತು.

"ಅವಳು ಏನೂ ಮಾಡಿಲ್ಲ" ಎಂದ. ಬಚ್ಚಲ ಸಾಲಿನವರಿಗೂ ಕೇಳುವಷ್ಟು ಗಟ್ಟಿಯಾಗಿ ಎಂದ. "ನೀರಿನ ಬಿಸಿ ನೋಡೋ ಕಡ್ಡೀನ ಹಾಕದೆ ಬಿಟ್ಟೋನು ನಾನು. ಪುಸ್ತಕ ಸುಟ್ಟೋನೂ ನಾನೇ. ಮೊದಲ್ನೇ ಕತ್ತೆ ನಾನು. ಎರಡ್ನೇದು ನೀವು, ದೀಪ ಇಡ್ಸಿ, ಸ್ವಿಚ್ಚಿಗೆ ಬೀಗ ಹಾಕ್ಸಿದ್ದಕ್ಕೆ. ಮೂರ್ನೇದು ಚಿತ್ರದುರ್ಗದಾಗೆ ಮಲಗೈತೆ. ಸರಿಯಾಗಿ ಹೇಳಿದೋಳು ಒಬ್ಳೇ. ಅವಳನ್ನ ಓಡ್ಸಿದೀರಿ."

ಎಣ್ಣೆ ತಲೆಯ ಸೋದರಮಾವ ಕಿಸಕ್ಕನೆ ನಕ್ಕ. ಶಿವಕುಮಾರಪ್ಪನ ಮುಖ ಇದ್ದಿಲಿನ ಬಣ್ಣಕ್ಕೆ ತಿರುಗಿತು.

ಮಾರುತೇಶ ದೀಪಕ್ಕೆ ಕೈ ಹಾಕಿದ ಕೂಡಲೇ ಸರ್ವಮಂಗಳ ಚೀರಿದಳು. "ಆರಿಸ್ಬೇಡಪ್ಪ, ಮದುವೆ ಮನೆ!"

"ಆರ್ಸಲ್ಲ ತಾಯಿ. ದೇವರ ಮುಂದೆ ಇಡ್ರಿ ಇದನ್ನ. ಈ ಪೆಟ್ಟಿಗೆ ದೇವರಲ್ಲ" ಎಂದು ಉರಿಯುತ್ತಿದ್ದ ದೀಪವನ್ನು ಹಾಗೇ ಅವಳ ಕೈಗೆ ಕೊಟ್ಟ. ಅವಳು ಸೆರಗು ಮರೆಮಾಡಿಕೊಂಡು ಅದನ್ನು ಮಂಟಪಕ್ಕೆ ಒಯ್ದಳು. ಪೆಟ್ಟಿಗೆಯ ಮೇಲಿನ ಅಂಕಿ ನಲವತ್ತೊಂದರಿಂದ ಮೂವತ್ತೆಂಟಕ್ಕೆ, ಮೂವತ್ತಾರಕ್ಕೆ, ಮೂವತ್ತನಾಲ್ಕಕ್ಕೆ ಇಳಿಯಿತು. ಸ್ಟಾರ್ಟರ್ ಟಕ್ ಎಂದಿತು. ಬ್ಲೋಯರ್ ಊದಿತು. ಉರಿ ಮಾತ್ರ ಏಳಲಿಲ್ಲ, ಬೂದಿ ಹಾರಿತು.

ಅಷ್ಟರಲ್ಲಿ ಅವನು ಆ ಉಕ್ಕಿನ ಕಡ್ಡಿಯನ್ನು ಬಿಸಿನೀರಿನ ಪೈಪಿಗೆ ಒತ್ತಿಟ್ಟು, ಮೇಲೆ ಗೋಣಿ ಸುತ್ತಿ ತಂತಿಯಲ್ಲಿ ಬಿಗಿದ. ಇನ್ನೊಂದು ತುದಿಯನ್ನು ಪೆಟ್ಟಿಗೆಯ ತೂತಿಗೆ ಸಿಕ್ಕಿಸಿದ್ದೇ ತಡ, ಮೂವತ್ತೈದಕ್ಕೆ ಹಟ ಹಿಡಿದಿದ್ದ ಅದು ಎಂಬತ್ತರವರೆಗೆ ಎಷ್ಟು ಬೇಕಾದರೂ ಕೇಳಿ ಎಂದಿತು. ಐವತ್ತೈದಕ್ಕೆ ಇಟ್ಟ. ಇಷ್ಟು ಸುಲಭ. ಎರಡು ದಿನ ಮುಂಚೆ ಮಾಡಬಹುದಾಗಿದ್ದ ಕೆಲಸ.

"ಇನ್ನೇನು, ಆತಲ್ಲ?" ಎಂದ ಶಿವಕುಮಾರಪ್ಪ.

"ಆತು. ಒಲೆ ಒಳಾಗಿರೋ ಕರೀಮಟ್ಟೆ ತೆಗ್ದು, ಒಣಗಿದ್ದು ಹಾಕಿ, ಉರಿ ಎಬ್ಬಿಸ್ಬೇಕು. ಅಳಿಯಂದ್ರಿಗೆ ಫೋನ್ ಮಾಡ್ರಿ, ಫೋನಾಗೆ ಮಟ್ಟೆ ಒತ್ತಲಿ."

ಅಡಿಗೆಯವನೊಬ್ಬ ಸಲಿಕೆ ಹಿಡಿದು ನೋಡಿದ. ಮಟ್ಟೆಯನ್ನು ಒಲೆಯ ಬಾಯಿ ತುಂಬ ತುರುಕಿದ್ದೇ ಇದ್ದಬದ್ದ ಕೆಂಡವೂ ಸತ್ತಿತು. ಹೊಗೆ ತಿರುಗಿ ಮಂಟಪದ ಒಳಕ್ಕೇ ನುಗ್ಗಿತು. ಬೀಗರು ಕೆಮ್ಮಿದರು.

"ಹೋಗಾಣ ಬರ್ರಿ" ಎಂದ ಮಾರುತೇಶ.

"ಎಲ್ಲಿಗೆ?"

"ಬಸ್ ಸ್ಟ್ಯಾಂಡಿಗೆ. ಅವಳೂರಿಗೆ ಹೋಗೋ ರಾಮಗಿರಿ ಬಸ್ಸು ಇನ್ನೂ ಹೊರಟಿರಲ್ಲ."

ದುರುಗಕ್ಕ ಬಸ್ ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಬುತ್ತಿಯ ಗಂಟು ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದಳು. ಎದುರಿಗೆ ಬೈಕು ನಿಂತರೂ ಯಾರೆಂದು ಅವಳಿಗೆ ಕಾಣಲಿಲ್ಲ. ದನಿ ಕೇಳಿ ಮುಖ ತಿರುಗಿಸಿದಳು.

"ಬಾ ದುರುಗಕ್ಕ, ಆಗಿದ್ದಾತು. ನೀರು ಕಾಯ್ಸು ಬಾ" ಎಂದ ಶಿವಕುಮಾರಪ್ಪ, ಬೈಕಿನಿಂದ ಇಳಿಯದೆ.

"ನಾನು ಕೆಡ್ಸಿದೋಳಲ್ವಾ ಯಜಮಾನ್ರೆ? ಮತ್ತೆ ಕೆಡ್ಸಿದ್ರೆ?"

"ನಿನ್ನದೇನೂ ತಪ್ಪಿಲ್ಲ ಅಂತ ಇವ್ನು ಹೇಳ್ದ. ಬಾ."

"ಇವ್ನು ಹೇಳ್ದ. ನೀವು?"

"ನಾನೂ ಹೇಳಿದ್ನಲ್ಲ ಈಗ!"

"ಇಲ್ಲಿ ಹೇಳಿದ್ರಿ. ಇಲ್ಲಿ ಕೇಳೋರು ಯಾರವ್ರೆ, ಆ ನಾಯಿ ಒಂದು. ಬೈದಿದ್ದು ಅಡಿಗೆಯೋರ ಮುಂದೆ, ಬೀಗರ ಮುಂದೆ. ಆಪರೇಷನ್ ಮಾಡಿಸ್ಕಂಡು ನಲವತ್ತು ದಿನ ಆದ್ಮೇಲೆ ನಾನು ಬತ್ತೀನಿ. ಅಷ್ಟೊತ್ತಿಗೆ 'ದುರುಗಿ ಕೆಡ್ಸಿ ಓಡೋದ್ಲು' ಅನ್ನೋದೊಂದೇ ಉಳ್ಕಂಡಿರ್ತೈತೆ. ಯಾರು ಒಳಕ್ಕೆ ಬಿಡ್ತಾರೆ?"

ಬಸ್ಸು ಬಂತು. ಕಂಡಕ್ಟರ್ ಕೂಗಿದ. ದುರುಗಕ್ಕ ಎದ್ದು ನಿಂತಳು. ಗಡಿಯಾರ ಏಳೂಕಾಲು ತೋರಿಸುತ್ತಿತ್ತು. ನೂರೈವತ್ತು ಜನ ಬೀಗರು ಮೀಯದೆ ನಿಂತದ್ದು ಶಿವಕುಮಾರಪ್ಪನ ಕಣ್ಣೆದುರು ಬಂದಿರಬೇಕು.

"ಆತು ಮಾರಾಯ್ತಿ. ಅಲ್ಲೇ ಹೇಳ್ತೀನಿ. ಹತ್ತು."

ಅವನು ಹೇಳಿದ. ಹೇಳಿದ ಎನ್ನುವುದಕ್ಕಿಂತ ಕಕ್ಕಿದ ಎನ್ನಬೇಕು. ಬಾಯ್ಲರ್ ಕೋಣೆಯ ಮುಂದೆ ನೆಲ ನೋಡುತ್ತ, "ದುರುಗಕ್ಕಂದು ತಪ್ಪಿರ್ಲಿಲ್ಲ, ನಾನು ವಿಚಾರ್ಸದೆ ಅಂದೆ" ಎಂದು ಒಂದೇ ಉಸಿರಿಗೆ ಮುಗಿಸಿದ.

"ಕೇಳಿಸ್ಲಿಲ್ಲ" ಎಂದ ಸೋದರಮಾವ ಬಚ್ಚಲ ಸಾಲಿನಿಂದ. ಅವನಿಗೆ ಚಳಿ ಮರೆತೇಹೋಗಿತ್ತು.

ಶಿವಕುಮಾರಪ್ಪ ಇನ್ನೊಂದು ಸಲ ಹೇಳಬೇಕಾಯಿತು.

ದುರುಗಕ್ಕ ಮುಖದಲ್ಲಿ ಏನನ್ನೂ ತೋರಿಸದೆ ಸೆರಗು ಸೊಂಟಕ್ಕೆ ಸಿಕ್ಕಿಸಿದಳು. ಸತ್ತ ಮಟ್ಟೆ ಎಳೆದು ಹಾಕಿದಳು. ಕೈಯಲ್ಲೇ ಮುರಿದು ನೋಡಿ, ಲಟಕ್ಕೆನ್ನುವಂಥ ಒಣಮಟ್ಟೆ ಆರಿಸಿ, ನಡುವೆ ಗಾಳಿಗೆ ದಾರಿ ಬಿಟ್ಟು ಒಟ್ಟಿ, ಬೆಂಕಿಕಡ್ಡಿ ಗೀರಿದಳು. ಬ್ಲೋಯರಿನ ಬಾಯಿಗೆ ಉರಿ ಒಂದೇ ಸಲಕ್ಕೆ ಗರಗರನೆ ಎದ್ದಿತು. ಅರ್ಧ ಗಂಟೆಗೆ ಪೆಟ್ಟಿಗೆ ಐವತ್ತೈದು ಎಂದು ಗಾಳಿ ನಿಲ್ಲಿಸಿತು. ಅವಳು ಪೈಪಿನ ಮೇಲೆ ಕೈಯಿಟ್ಟು ಎಣಿಸಿದಳು. ಮೂರಕ್ಕೆ ಕೈ ಹಿಂದಕ್ಕೆ ಬಂತು.

"ಈಗ ಸರಿ ಹೇಳ್ತೈತೆ" ಎಂದಳು. "ಮಲ್ಲಕ್ಕನಿಗೆ ಮಟ್ಟೆ ಒಟ್ಟೋದು ನಾನು ಕಲಿಸ್ತೀನಿ. ನಾಳೆ ಕರ್ಕಂಡು ಬತ್ತೀನಿ."

"ಕರ್ಕಂಡು ಬಾ" ಎಂದ ಶಿವಕುಮಾರಪ್ಪ, ಅಲ್ಲಿಂದ ಹೊರಟರೆ ಸಾಕೆಂಬಂತೆ.

"ನಿಲ್ರಿ ಯಜಮಾನ್ರೆ. ನಾನು ತಿರುಗಿ ಕೆಲ್ಸಕ್ಕೆ ಬರೋ ತಾರೀಕು ಗೋಡೆ ಮೇಲೆ ಬರೀರಿ. ನಿಮ್ಮ ಕೈಯಾಗೇ."

"ಬಾಯಾಗೆ ಹೇಳಿದ್ರೆ ಸಾಲ್ದಾ?"

ಮಾರುತೇಶ ಒಲೆಯ ಅಂಚಿನಿಂದ ಆರಿದ ಇದ್ದಿಲೊಂದನ್ನು ಎತ್ತಿ ಶಿವಕುಮಾರಪ್ಪನ ಮುಂದೆ ಹಿಡಿದ. ಮುಹೂರ್ತಕ್ಕೆಂದು ಉಟ್ಟಿದ್ದ ರೇಷ್ಮೆ ಪಂಚೆಯನ್ನು ಒಂದು ಕೈಯಲ್ಲಿ ಎತ್ತಿ ಹಿಡಿದುಕೊಂಡು, ಕಲ್ಯಾಣಮಂಟಪದ ಯಜಮಾನ ಬಾಯ್ಲರ್ ಕೋಣೆಯ ಗೋಡೆಗೆ ಮುಖ ಮಾಡಿ, ಬೆರಳು ಮಡಿಚಿ ಮಡಿಚಿ ಸೋಮವಾರದಿಂದ ನಲವತ್ತು ದಿನ ಎಣಿಸಿ, ದೊಡ್ಡಕ್ಷರದಲ್ಲಿ ಬರೆದ.

"ಓದು ಮಾರುತೇಶಪ್ಪ" ಎಂದಳು ದುರುಗಕ್ಕ. "ನಂಗೆ ಕಾಣಲ್ಲ."

ಮಾರುತೇಶ ಹತ್ತಿರ ಹೋಗಿ, ಒಂದೊಂದು ಅಕ್ಷರವನ್ನೂ ಬಿಡದೆ ಓದಿದ.